ಪ್ರೇಕ್ಷಾಳ ಪಾಳಿ

“ಪ್ರೇಕ್ಷಾ ಯಾರು? ಮುಂದಿನ ಪಾಳಿ ಪ್ರೇಕ್ಷಾಂದು.”

ಕುದುರೆಯವನು ಮೊಬೈಲನ್ನು ಬಿಸಿಲಿಗೆ ಮರೆಮಾಡಿ ಹಿಡಿದು ಹೆಸರನ್ನು ಇನ್ನೊಮ್ಮೆ ಓದಿದ. ಸಾಲಿನಲ್ಲಿ ನಿಂತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಳಿಮರದ ನೆರಳಿನಲ್ಲಿ ಚಾದರ ಹಾಸಿಕೊಂಡು ಅವಲಕ್ಕಿ ಹಂಚುತ್ತಿದ್ದ ಹೆಂಗಸರ ಕೈ ನಿಂತಿತು. ಆ ಕೂಟದಲ್ಲಿ ಪ್ರೇಕ್ಷಾ ಎಂಬವಳು ಇರಲಿಲ್ಲ. ಆಷಾಢದಲ್ಲಿ ಬಂದ ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡಿದ್ದಳು. ಒಂಬತ್ತು ವರ್ಷದ ಹುಡುಗಿ. ಅವಳ ತಾಯಿ ಕಲಾವತಿ ಅಲ್ಲಿಯೇ, ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

ಭಾವಿಕೇರಿಯ ಈ ಎಂಟು ಮನೆಯವರು ವರ್ಷಕ್ಕೊಮ್ಮೆ, ಡಿಸೆಂಬರಿನ ಒಂದು ಭಾನುವಾರ, ಸಣ್ಣ ಬಸ್ಸೊಂದನ್ನು ಮಾಡಿಕೊಂಡು ಪ್ರವಾಸ ಹೊರಡುತ್ತಾರೆ. ಮನೆಯಂಗಳಕ್ಕೇ ಅಲೆಯ ಸದ್ದು ಕೇಳಿಸುವವರು ಕಡಲು ನೋಡಲು ಕಾರವಾರದ ತನಕ ಹೋಗುವುದು ನಗೆಪಾಟಲೇ ಸರಿ. ಆದರೆ ಅವರ ಊರಿನ ಕಡಲಿನಲ್ಲಿ ಕುದುರೆ ಇಲ್ಲವಲ್ಲ! ಹೋದ ವರ್ಷವೂ ಇದೇ ಕುದುರೆಯವನಿಗೆ ಮಕ್ಕಳ ಹೆಸರುಗಳನ್ನು ಮೊದಲೇ ಬರೆದು ಕಳಿಸಿದ್ದರು. ಮೀನೂಟ ಮುಗಿಸಿ ಬರುವಷ್ಟರಲ್ಲಿ ಹೊತ್ತು ಮೀರಿ, ಕುದುರೆ ಮನೆಗೆ ಹೋಗಿಬಿಟ್ಟಿತ್ತು. ಮರಳುವ ದಾರಿಯಲ್ಲಿ ಹಟ್ಟಿಕೇರಿ ದಾಟುವವರೆಗೂ ಪ್ರೇಕ್ಷಾ ಬಸ್ಸಿನ ಹಿಂಬದಿಯ ಕಿಟಕಿಯೊಂದರ ಬಳಿ ಮುಖ ಊದಿಸಿಕೊಂಡು ಕೂತಿದ್ದಳು.

ಪ್ರವಾಸದ ಏರ್ಪಾಡೆಲ್ಲ ಕೇರಿಯ ಸುಜಯನದು. ಎಲ್ಲದಕ್ಕೂ ಮುಂದೆ ನಿಲ್ಲುವವನು, ಆದರೆ ಎರಡು ಸಾಲು ಹೊಸದಾಗಿ ಬರೆಯುವುದೆಂದರೆ ಅವನಿಗೆ ಆಗದು. ಹೋದ ಚೌತಿಯ ಶುಭಾಶಯವೇ ಈ ಚೌತಿಗೂ ಎಲ್ಲರಿಗೆ ಬರುತ್ತದೆ. ಹಾಗೆಯೇ ಹೋದ ವರ್ಷದ ಹೆಸರುಗಳನ್ನೇ ಈ ವರ್ಷವೂ ಕುದುರೆಯವನಿಗೆ ದಾಟಿಸಿಬಿಟ್ಟಿದ್ದ. ಈಗ ಅವನ ಮುಖ ಸುಣ್ಣದ ಹಾಗಾಗಿತ್ತು. ಜ್ವರದ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದ ಗಾಡಿಯನ್ನು ಓಡಿಸಿದವನೂ ಅವನೇ.

ಮೊದಲು ಬಾಯಿ ಬಿಟ್ಟವನು ಕಲಾವತಿಯ ಗಂಡ ಗುರುಪ್ರಸಾದ. “ಆ ಹೆಸ್ರು ಬಿಡಿ. ಮುಂದಿಂದ ಕರೀರಿ,” ಎಂದ, ಕಡಲಿನತ್ತ ಮುಖ ಮಾಡಿಕೊಂಡೇ.

ಐದು ತಿಂಗಳಿನಿಂದ ಎಲ್ಲರೂ ಮಾಡುತ್ತಿದ್ದುದು ಅದನ್ನೇ, ಆ ಹೆಸರು ಬಿಡುವುದನ್ನು. ಕಲಾಕ್ಕನೆದುರು ಎತ್ತಬೇಡಿ ಎಂದು ಕೇರಿಯ ಮಕ್ಕಳಿಗೆಲ್ಲ ಹೇಳಿಯಾಗಿತ್ತು. ಅವಳು ಬಾವಿಯ ಹತ್ತಿರ ಬಂದರೆ ಹೆಂಗಸರು ಶಾಲೆಯ ಸುದ್ದಿ ನಿಲ್ಲಿಸಿ ಮೀನಿನ ಸುದ್ದಿ ತೆಗೆಯುತ್ತಿದ್ದರು. ಎಲ್ಲ ಪ್ರೀತಿಯಿಂದಲೇ ಮಾಡಿದ್ದು, ಯಾರನ್ನು ದೂರುವುದು? ಗುರುಪ್ರಸಾದನಂತೂ ಲೈನ್‌ಮನ್ ಕೆಲಸದವನು, ಮಳೆಗಾಳಿಯಲ್ಲಿ ಕಂಬ ಹತ್ತಿ ತಂತಿ ಕಟ್ಟುವ ಗಟ್ಟಿ ಆಳು. ಆದರೆ ಮಗಳ ಹೆಸರು ಹಿಡಿಯಲು ಅವನಿಗೆ ಧೈರ್ಯವಿರಲಿಲ್ಲ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಹೋದಾಗಲೂ ಕಾರ್ಡನ್ನು ಮುಂದೆ ಚಾಚಿ ಬೆರಳಿಟ್ಟು ತೋರಿಸಿದ್ದನಂತೆ. ಕಲಾವತಿಗೆ ಆ ಹೆಸರು ಕೇಳುವ ಆಸೆ ಹಸಿವೆಯಂತೆ ಕಾಡುತ್ತಿತ್ತು. ಮಸಾಲೆ ರುಬ್ಬುವಾಗ ಮಿಕ್ಸರಿನ ಗದ್ದಲದೊಳಗೆ ತಾನೇ ಒಮ್ಮೆ “ಪ್ರೇಕ್ಷಾ” ಎಂದು ಕರೆದು ನೋಡುತ್ತಿದ್ದಳು. ಮಿಕ್ಸರು ನಿಂತರೆ ಅವಳೂ ಸುಮ್ಮನಾಗುತ್ತಿದ್ದಳು.

ಈಗ ಯಾರೋ ಗುರುತಿಲ್ಲದವನು, ಬಟ್ಟಬಯಲಿನಲ್ಲಿ, ಗಂಟಲೆತ್ತಿ ಎರಡು ಸಲ ಕರೆದಿದ್ದ. ಕಲಾವತಿ ಎದ್ದಳು.

“ಬಿಡೂದು ಬ್ಯಾಡ. ಅದ್ರ ಪಾಳಿಗೆ ನಾ ಹತ್ತತೆ.”

ಯಾರೋ ಕೈ ಹಿಡಿಯಲು ಬಂದರು, ಬಿಡಿಸಿಕೊಂಡಳು. ನಟ್ಟಿಗೆ ಗದ್ದೆಗಿಳಿಯುವಾಗ ಮಾಡುವಂತೆ ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕುದುರೆಯವನು ರಿಕಾಪಿನಲ್ಲಿ ಅವಳ ಕಾಲಿಡಿಸಿ, ಒಂದು ಕೈ ಕೊಟ್ಟು ಮೇಲೆ ಹತ್ತಿಸಿದ. ಬಿಳಿಯ ಕುದುರೆ, ವಯಸ್ಸಾದದ್ದು, ಜೀನಿನ ಮೇಲೆ ಹಳೆಯ ಕಂಬಳಿಯ ಮಡಿಕೆ. ಅದು ಹೆಜ್ಜೆ ಕಿತ್ತಾಗ ಅವಳಿಗೆ ಭಯವಾಯಿತು. ಮಗಳು ಹತ್ತಿದ್ದರೆ ಅವಳೂ ಹೆದರುತ್ತಿದ್ದಳು, ಹೆದರಿ ಕಿಸಿಕಿಸಿ ನಗುತ್ತಿದ್ದಳು ಅನ್ನಿಸಿತು.

ಕುದುರೆಯವನ ಹೆಸರು ರೋಷನ, ಹಾರವಾಡದವನು. ದೋಣಿಯಲ್ಲಿ ದುಡಿಯುತ್ತಿದ್ದವನು ಬೆನ್ನು ನೋವು ಹಿಡಿದ ಮೇಲೆ ಈ ಕೆಲಸಕ್ಕೆ ಬಂದನಂತೆ. ಲಗಾಮು ಹಿಡಿದು ನೀರಿನಂಚಿಗೆ ನಡೆಯುತ್ತ ತನ್ನ ಕತೆಯೆಲ್ಲ ತಾನೇ ಹೇಳಿದ. ಆಮೇಲೆ ತಿರುಗಿ ಕೇಳಿದ.

“ಪ್ರೇಕ್ಷಾ ಅಂದ್ರೆ ನಿಮ್ಮ ಮಗಳಾ ಅಕ್ಕಾ? ಎಲ್ಲದೆ ಅದು?”

ಹೇಳಬೇಕಾದ ಮಾತು ಒಂದೇ ಇತ್ತು. ಕಲಾವತಿ ಅದನ್ನು ಹೇಳಲಿಲ್ಲ. “ಬಸ್ಸಲ್ಲಿ ಮನಿಕಂಡದೆ. ಬೆಳಿಗ್ಗೆ ಬೇಗ ಎದ್ದಿತ್ತು,” ಎಂದುಬಿಟ್ಟಳು.

ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆದಂತಾಯಿತು. ಎಷ್ಟನೇ ಕ್ಲಾಸು ಎಂದು ಅವನು ಕೇಳಿದ್ದಕ್ಕೆ ನಾಲ್ಕನೆಯದು ಎಂದಳು. ಕೇಳದೆ ಇದ್ದದ್ದನ್ನೂ ಹೇಳಿದಳು. ಲೆಕ್ಕ ಚೆನ್ನಾಗಿ ಮಾಡುತ್ತದೆ, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಬಂಗಡೆಯಾದರೆ ಮುಳ್ಳು ತಾನೇ ಬಿಡಿಸಿ ತಿನ್ನುತ್ತದೆ, ಮುಳ್ಳು ಹೆಚ್ಚಿರುವ ನೊಗಲಿ ಮೀನಾದರೆ ತಾಯಿಯೇ ಬಿಡಿಸಬೇಕು. ಮುಂದಿನ ಹಲ್ಲು ಬಿದ್ದು ಹೊಸದು ಸೊಟ್ಟಗೆ ಬರುತ್ತಿದೆ. ಬಾಯಲ್ಲಿ ಬಂದದ್ದೆಲ್ಲ ಇವತ್ತಿನ ಮಾತು: ತಿನ್ನುತ್ತದೆ, ಬರುತ್ತದೆ, ಮಾಡುತ್ತದೆ. ರೋಷನ ತನ್ನ ಮನೆಯ ಹುಡುಗಿಯದೂ ಇದೇ ಹಾಡು ಎಂದು ನಕ್ಕ. ಅವಳೂ ನಕ್ಕಳು. ತನ್ನ ನಗೆಯ ಸದ್ದು ತನಗೇ ಕೇಳಿಸಿತು, ಆದರೂ ಮಾತು ನಿಲ್ಲಿಸಲಿಲ್ಲ. ಬಂದರಿನ ದಿಕ್ಕಿನಲ್ಲಿ ಒಂದಷ್ಟು ದೂರ ಹೋಗಿ ತಿರುಗುವ ಜಾಗ ಬಂದಾಗ, ಇನ್ನೂ ಸ್ವಲ್ಪ ಮುಂದೆ ಹೋಗುವಾ ಎಂದು ಕೇಳಿಕೊಂಡಳು. ಅವನು ಬೇಡವೆನ್ನಲಿಲ್ಲ.

ಮರಳಿ ಬಂದಾಗ ಗುರುಪ್ರಸಾದ ಸಾಲಿನ ಮುಂದೆಯೇ ನಿಂತಿದ್ದ. ಹೆಂಡತಿ ನಕ್ಕದ್ದನ್ನು ಅವನು ದೂರದಿಂದಲೇ ಕಂಡಿರಬೇಕು. ಅವಳನ್ನು ಇಳಿಸಿಕೊಳ್ಳಲು ಎರಡೂ ಕೈ ಮೇಲೆತ್ತಿದ. ಅಷ್ಟರಲ್ಲಿ ರೋಷನ ನಡುವೆ ಬಾಯಿ ಹಾಕಿದ.

“ಅಣ್ಣಾ, ಮಗಳು ಬಸ್ಸಲ್ಲಿ ಮನಿಕಂಡದ್ಯಂತೆ. ಎಬ್ಬಿಸ್ಕಂಡ್ ಬನ್ನಿ. ಅದ್ರ ಪಾಳಿ ತಾಯಿ ಹೊಡ್ಕಂಡ್ರೆ ಹ್ಯಾಂಗೆ? ಅದ್ಕೂ ಒಂದು ಸುತ್ತು ಹೊಡಿಸ್ತೆ.”

ಸುಜಯ ಏನೋ ಹೇಳಲು ಮುಂದೆ ಬಂದವನು ಅಲ್ಲೇ ನಿಂತ. ಕಲಾವತಿ ಜೀನಿನ ಕೊಂಬನ್ನು ಬಿಗಿಯಾಗಿ ಹಿಡಿದುಕೊಂಡಳು. ಈಗ ಗಂಡ ನಿಜದ ಒಂದು ಮಾತು ಆಡಿದರೆ ಸಾಕು, ಹುಡುಗಿ ಎರಡನೆಯ ಸಲ ಸಾಯುತ್ತಾಳೆ ಎಂದುಕೊಂಡಳು. ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಗುರುಪ್ರಸಾದ ಅವಳನ್ನೇ ನೋಡುತ್ತ ನಿಂತ. ಆಷಾಢದಿಂದೀಚೆ ಅವರಿಬ್ಬರೂ ಹೀಗೆ ಮುಖಕ್ಕೆ ಮುಖ ಕೊಟ್ಟು ನೋಡಿಕೊಂಡಿದ್ದಿಲ್ಲ. ಎತ್ತಿದ ಕೈಗಳು ನಿಧಾನ ಕೆಳಗಿಳಿದವು.

“ಪ್ರೇಕ್ಷಾ...” ಎಂದ ಅವನು. ಒಮ್ಮೆ ಕೆಮ್ಮಿದ. “ಪ್ರೇಕ್ಷಾನ ಎಬ್ಬಿಸ್ಕಂಡ್ ಬತ್ತೆ.”

ಚಪ್ಪಲಿ ಹಾಕಿಕೊಳ್ಳದೆ ಬಿಸಿ ಮರಳಿನಲ್ಲಿ ರಸ್ತೆಯ ಕಡೆ ನಡೆದ. ಡ್ರೈವರನೂ ಊಟಕ್ಕೆ ಹೋಗಿದ್ದ, ಬಸ್ಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕುದುರೆಯ ಮೇಲಿನಿಂದ ಕಲಾವತಿಗೆ ಎಲ್ಲವೂ ಕಾಣುತ್ತಿತ್ತು. ಅವನು ಮೆಟ್ಟಿಲು ಹತ್ತಿದ. ಕಿಟಕಿಗಳೊಳಗೆ ಅವನ ತಲೆ ಒಂದೊಂದೇ ಸೀಟು ದಾಟುತ್ತ ಹಿಂದೆ ಸರಿಯಿತು. ಕೊನೆಯ ಕಿಟಕಿಗಿಂತ ಒಂದು ಮೊದಲು ಅದು ಬಾಗಿತು, ಆಮೇಲೆ ಕಾಣಿಸಲಿಲ್ಲ.

ಹೊತ್ತು ಹೋಯಿತು. ಸಾಲಿನಲ್ಲಿದ್ದ ಮಕ್ಕಳಲ್ಲಿ ಒಬ್ಬರೂ ತಮ್ಮ ಪಾಳಿ ಕೇಳಲಿಲ್ಲ. ರೋಷನ ಬಸ್ಸಿನತ್ತ ಕತ್ತು ಉದ್ದ ಮಾಡಿ ನೋಡಿ, ಬರುತ್ತದೋ ಇಲ್ಲವೋ ಎಂದು ಕೇಳಿದ.

“ಸ್ವಲ್ಪ ತಡೀರಿ,” ಎಂದಳು ಕಲಾವತಿ. “ಎಬ್ಬಿಸಿದ ಕೂಡ್ಲೆ ಏಳೂ ಜಾತಿ ಅಲ್ಲ ಅದು.”

ರೋಷನ ತಲೆಯಾಡಿಸಿದ. ಅವಳನ್ನು ಮೇಲೆ ಕೂರಿಸಿಕೊಂಡಿದ್ದ ಕುದುರೆಯನ್ನು ಹಾಗೆಯೇ ನಡೆಸಿ, ಗಾಳಿಮರದ ನೆರಳಿಗೆ ತಂದು ನಿಲ್ಲಿಸಿಕೊಂಡ.