ಅಗಸಿಯ ಹೊರಗಿನ ಉಪದೇಶಿ

ಊರಿನ ಪೀಡೆಯನ್ನು ತಲೆಯ ಮೇಲೆ ಹೊತ್ತು ಸೀಮೆ ದಾಟಿದವನನ್ನು ಊರು ಮರಳಿ ಕರೆಯುವುದಿಲ್ಲ. ಇದು ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಉಂಡು ಮಲಗುತ್ತೀರಿ. ವಾಡಿಯ ಉಪದೇಶಿ ಜೀವರತ್ನಪ್ಪನಿಗೆ ಮಾತ್ರ ಆ ನಿದ್ದೆ ಇನ್ನೂ ಒಲಿದಿಲ್ಲ.

ಯಾರು ಏನು ಹೇಳಿ ಮುಗಿಸಿದರೂ, ಮುಗಿಯಿತೆಂದು ಒಪ್ಪದೆ ‘ಮುಂದ?’ ಎನ್ನುವುದು ಅವನ ಚಟ. ಮದುವೆಯ ಸುದ್ದಿಗೂ ಮುಂದ, ಮಣ್ಣಿನ ಸುದ್ದಿಗೂ ಮುಂದ. ರೈಲ್ವೆ ಗಾರ್ಡನೊಬ್ಬ ಕೊಟ್ಟ ಕರಿ ಕೋಟಿಗೆ ಬೇಸಿಗೆಯಲ್ಲೂ ಕೊರಳ ತನಕ ಗುಂಡಿ ಹಾಕಿ, ಒಂದು ಹೆಗಲು ಇಳಿಬಿಟ್ಟು, ಶಹಾಬಾದದ ಕಲ್ಲುಗಣಿಗಳ ನಡುವೆ, ಚಿತ್ತಾಪುರದ ಕರಿಮಣ್ಣಿನ ಹೊಲಗಳ ಬದುವಿನ ಮೇಲೆ, ದಣಿದ ಎತ್ತಿನಂತೆ ನಡೆದು ಸುವಾರ್ತೆ ಸಾರುವುದು ಅವನ ನೌಕರಿ. ನಿಜ ಹೇಳಬೇಕೆಂದರೆ, ದಾರಿಗಿಂತ ಹೆಚ್ಚಾಗಿ ಆ ಸುವಾರ್ತೆಯೇ ಅವನನ್ನು ದಣಿಸಿದ್ದು.

ಮಿಶನ್ನಿನ ಪಾದ್ರಿಗಳ ಬೋಧನೆ ಸರಳವಾಗಿತ್ತು. ಪುರಾತನ ಇಸ್ರೇಲರು ದೋಷಪರಿಹಾರದ ದಿನ ಎರಡು ಹೋತ ತರುತ್ತಿದ್ದರು; ಒಂದರ ರಕ್ತದಿಂದ ದೇವಸ್ಥಾನದ ಶುದ್ಧಿ; ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ಪಾಪಗಳನ್ನು ಬಾಯಿಬಿಟ್ಟು ಹೇಳಿ, ಅದನ್ನು ಒಬ್ಬನ ಕೈಯಲ್ಲಿ ಅಡವಿಗೆ ಅಟ್ಟಿಸುತ್ತಿದ್ದ; ಆ ಎರಡೂ ಹೋತಗಳ ಕೆಲಸವನ್ನು ಯೇಸು ಒಬ್ಬನೇ ಮಾಡಿದ, ನಮ್ಮ ಬದಲು ಶಿಕ್ಷೆ ಉಂಡ, ನಾವು ಪಾರಾದೆವು. ಸಭೆ ಆಮೆನ್ ಅಂದಿತು. ಜೀವರತ್ನಪ್ಪ ಎದ್ದು ನಿಂತ.

‘ಅಯ್ಯನವರೆ, ಹೋತ ಅಟ್ಟಲಿಕ್ಕ ಹೋದ ಮನಷ್ಯಾಗ ಮುಂದ ಏನಾತ್ರಿ?’

‘ಮೈ ತೊಳೆದುಕೊಂಡು ಪಾಳ್ಯದೊಳಗೆ ಬಂದ. ಅದರಲ್ಲೇನಿದೆ?’

‘ಅದರಾಗೇ ಎಲ್ಲಾ ಅದರಿ,’ ಎಂದು ಕೂತ.

ಅವನ ಮನಸ್ಸಿನಲ್ಲಿದ್ದವನು ಸಾಯಬಣ್ಣ. ಕಾಗಿಣಾ ದಂಡೆಯ ಹಳ್ಳಿಯೊಂದಕ್ಕೆ ಕಾಲರಾ ಬಂದಾಗ, ಊರದೇವತೆ ಮರಗಮ್ಮನಿಗೆ ಕೋಣ ಕಡಿದು, ಅದರ ತಲೆಯನ್ನು ಕೇರಿಯ ಸಾಯಬಣ್ಣನ ತಲೆಗೆ ಹೊರಿಸಿ ಸೀಮೆಯಾಚೆ ಕಳಿಸಿದ್ದರು. ಬೇನೆ ತಣ್ಣಗಾಯಿತು. ಅವನು ತಿರುಗಿ ಬಂದರೆ ಬೇನೆಯೂ ಬೆನ್ನು ಹತ್ತಿ ಬರುತ್ತದೆಂದು ಅವನಿಗೆ ಊರ ಅಗಸಿಬಾಗಿಲು ಮುಚ್ಚಿತು. ಹೆಂಡತಿ ಚಂದಮ್ಮ ದಿನಾ ರೊಟ್ಟಿ ಒಯ್ದು ಸೀಮೆಕಲ್ಲಿನ ಮೇಲಿಟ್ಟು, ಗಂಡನ ಮುಖ ನೋಡದೆ ಮರಳಬೇಕೆಂದು ಪಂಚರ ಕಟ್ಟಳೆ.

ಜೀವರತ್ನಪ್ಪ ಆ ಹಳ್ಳಿಯ ಕುಲಕರ್ಣಿ ಪ್ರಾಣೇಶರಾಯರ ಕಟ್ಟೆಯ ಕೆಳಗೆ ಹೋಗಿ ನಿಂತ.

‘ಕ್ವಾಣ ಕಡದ್ರಿ, ಬ್ಯಾನಿ ಹೋತು. ಮುಂದ?’

‘ಮುಂದೇನೋ? ಅವ ಅಲ್ಲೇ ಆರಾಮ ಇದ್ದಾನ. ದುಡಿಯೂದಿಲ್ಲ, ಬರೇ ತಿನ್ನೂದು. ನಿನ್ನ ನೌಕರಿಗಿಂತ ಛಲೋ ಅದ.’

‘ಹಂಗಾದ್ರ ಪಾಳಿ ಹಚ್ರಿ, ರಾಯರ. ವರ್ಷಕ್ಕೊಬ್ಬರು ಹೋಗಿ ಕುಂದ್ರೋಣು.’

ಸುತ್ತಲಿನವರು ನಕ್ಕರು. ರಾಯರು ನಗಲಿಲ್ಲ. ‘ನಿಮ್ಮ ಯೇಸು ಎಲ್ಲಾರ ಪಾಪ ಹೊತ್ತಾನಂತಲ್ಲ, ಇದೊಂದು ಅವಗ ಭಾರ ಆತೇನು?’

‘ಹೊತ್ತಾನ್ರಿ. ಅವನ್ನೂ ಊರ ಹೊರಗ ಒಯ್ದೇ ಕೊಂದ್ರು. ಇನ್ನ ಯಾರನ್ನೂ ಅಟ್ಟಬ್ಯಾಡ್ರಿ ಅಂತ ಹೊತ್ತಾನ.’

ಮುಂದಿನ ಆದಿತ್ಯವಾರ ಅದೇ ಹಳ್ಳಿಯ ತನ್ನ ಸಭೆಯನ್ನೇ ಕೇಳಿದ: ಸಾಯಬಣ್ಣನಿಗೆ ನದಿಯಲ್ಲಿ ಮೈ ತೊಳೆಸಿ, ಎಲ್ಲರೂ ಕೂಡಿ ಅಗಸಿಯೊಳಗೆ ಕರೆತರೋಣ. ಯೇಸುವೆಂಬ ಕುರಿಮರಿಯ ರಕ್ತದ ಹಾಡನ್ನು ಕೊರಳೆತ್ತಿ ಹಾಡಿದವರು ಕಾಲಬೆರಳು ನೋಡಿಕೊಂಡರು. ‘ಊರ ಕೂಡ ಬಾಳಬೇಕಲ್ಲಪ್ಪ,’ ಎಂದಳು ಹಿರಿಯಳಾದ ಅಮೃತಮ್ಮ. ಜಗಳ ತಂದರೆ ನೌಕರಿ ಹೋದೀತೆಂದು ಪಾದ್ರಿಗಳು ಎಚ್ಚರಿಸಿದರು. ಯೇಸುವಿನ ಬಲಿಯಿಂದ ಇವರು ಕಲಿತದ್ದು ಇಷ್ಟೇ: ಹೊರಗೆ ಹೋಗುವ ಪಾಳಿ ತಮ್ಮದಲ್ಲ.

ಅವನು ಒಬ್ಬನೇ ಹೋದ. ಸಾಯಬಣ್ಣನ ಬೆನ್ನು ತಿಕ್ಕಿ, ತನ್ನ ಕೋಟು ತೊಡಿಸಿ, ಕೈ ಹಿಡಿದು ಅಗಸಿಗೆ ಬಂದ. ಇಬ್ಬರನ್ನೂ ಕಂಡದ್ದೇ ಬಾಗಿಲು ಬಿತ್ತು. ಒಳಗಿನಿಂದ ಚಂದಮ್ಮ ಬಾಗಿಲು ತೆಗೆಯಲು ಅಗಳಿಗೆ ಕೈ ಹಚ್ಚಿದಳು. ಒಬ್ಬಳಿಂದ ಸರಿಯುವ ಅಗಳಿಯಲ್ಲ ಅದು. ಈಗ ಆದಿತ್ಯವಾರ ಬಂತೆಂದರೆ ಇದೇ ಕೆಲಸ: ಇವನು ಕರೆತರುತ್ತಾನೆ, ಅವರು ಮುಚ್ಚುತ್ತಾರೆ, ಆಕೆ ಜಗ್ಗುತ್ತಾಳೆ.

ಇಂಥವರು ಧರ್ಮವನ್ನು ಗೆಲ್ಲಿಸುವವರಲ್ಲ. ಉಳಿದವರೆಲ್ಲ ಪೂಜೆ ಮುಗಿಸಿ ಕೈ ತೊಳೆದುಕೊಂಡ ಮೇಲೆ, ಹೊರಗೆ ಬಿಟ್ಟುಬಂದವನನ್ನು ಹುಡುಕಿ ಹೊರಡುವ ಜಾತಿ. ದಣಿವೇ ಅವರ ದೀಕ್ಷೆ. ಓದಿ ತಲೆದೂಗಬೇಡಿ. ಚಂದಮ್ಮ ಒಬ್ಬಳೇ ಇದ್ದಾಳೆ. ನೀವೂ ಒಳಗೇ ಇದ್ದೀರಿ. ಎದ್ದು ಹೋಗಿ ಆ ಅಗಳಿಗೆ ಕೈ ಹಚ್ಚಿರಿ.