ಕೆಮ್ಮದೆ ಬರುವವನು

"ಈ ಸಲ ಯಾರನ್ನ ಸುಡ್ತೀಯೇ?" ಎಂದು ಅಧಿಕಾರಿ ತಲೆ ಎತ್ತದೆಯೇ ಕೇಳಿದ.

ಎದುರಿಗೆ ನಿಂತಿದ್ದವಳನ್ನು ಜೈಲಿನಲ್ಲಿ ಎಲ್ಲರೂ ಬರೆಯಕ್ಕ ಎನ್ನುತ್ತಿದ್ದರು. ಕಾದ ಇಸ್ತ್ರಿ ಇಟ್ಟು ಲಾಂಡ್ರಿ ಯಜಮಾನನ ಕೈಗೆ ಬರೆ ಹಾಕಿ ಒಳಗೆ ಬಂದವಳಿಗೆ ಇನ್ನೇನು ಹೆಸರಿಟ್ಟಾರು? ಬಿಡುಗಡೆಯಾಗಿತ್ತು ನಿಜ, ಆದರೆ ಪೂರ್ತಿ ಬಿಟ್ಟಿರಲಿಲ್ಲ. ಇವಳು ಮತ್ತೆ ಅಂಥದ್ದೇ ಮಾಡುವ ಅಪಾಯ ಎಷ್ಟಿದೆ ಎಂದು ಅಳೆಯುವುದು ಈ ಅಧಿಕಾರಿಯ ಕೆಲಸ. ಕಡಿಮೆ ಎಂದು ಬರೆದರೆ ತಂಗಿಯ ಮನೆಯಲ್ಲಿ ಬೆಳೆದ ಮಗಳನ್ನು ಕರೆತಂದು ಬಾಡಿಗೆ ಕೋಣೆಯಲ್ಲಿ ಇಟ್ಟುಕೊಳ್ಳಬಹುದು. ಹೆಚ್ಚು ಎಂದರೆ ಊರಾಚೆಯ ಆಶ್ರಯಗೃಹವೇ ಗತಿ. ಅಲ್ಲಿ ಮಗಳು ನೋಡಲು ಬಂದರೂ ತಾಯಿ ಮಗಳ ನಡುವೆ ಕಾವಲಿನವಳು ಕೂತಿರುತ್ತಾಳೆ.

"ಯಾರನ್ನೂ ಇಲ್ಲ ಸಾರ್," ಎಂದಳು. ಒಳಗಿನ ಹೆಂಗಸರು ಬಾಯಿಪಾಠ ಮಾಡಿಸಿ ಕಳಿಸಿದ್ದ ಉತ್ತರ ಅದು.

ಅಧಿಕಾರಿ ಒಂದೊಂದೇ ಕೇಳುತ್ತ ಹೋದ. ಅಪ್ಪ ಕುಡಿಯುತ್ತಿದ್ದನೇ? ಕುಡಿಯುತ್ತಿದ್ದ. ಅದಕ್ಕೊಂದು ಅಪಾಯದ ಅಂಕ. ಸ್ವಂತ ಮನೆ ಇದೆಯೇ? ಇಲ್ಲ. ಅದಕ್ಕೂ ಒಂದು. ಅಪ್ಪ ಕುಡಿದು ಬಂದಾಗಲೆಲ್ಲ ಏಟು ತಿಂದವಳು ಇವಳೇ, ಈಗ ಅವನು ಕುಡಿದದ್ದೂ ಇವಳ ತಲೆಗೇ ಬಂತು. ಗೆಳತಿಯರಲ್ಲಿ ಯಾರಾದರೂ ಜೈಲಿಗೆ ಹೋದವರಿದ್ದಾರೆಯೇ ಎಂದಾಗ ಬರೆಯಕ್ಕನಿಗೆ ನಗು ಬಂತು. ಅವಳಿಗೆ ಗೆಳತಿಯರು ಸಿಕ್ಕಿದ್ದೇ ಅಲ್ಲಿ. ನಗುವುದಕ್ಕೂ ಅಂಕ ಇದ್ದೀತೆಂದು ತುಟಿ ಕಚ್ಚಿಕೊಂಡಳು. ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಖಾಲಿ ಕುರ್ಚಿ ಪಕ್ಕದಲ್ಲೇ ಇತ್ತು, ಕೂತ್ಕೋ ಎಂದವರಿಲ್ಲ.

ಎಲ್ಲ ಕೂಡಿಸಿ ನೋಡಿದರೆ ಆಶ್ರಯಗೃಹದ ಕಡೆಗೇ ವಾಲುತ್ತಿತ್ತು. ಒಂದು ಖಾಯಂ ಕೆಲಸ ಇದ್ದರೆ ಉಳಿದದ್ದೆಲ್ಲ ಸರಿದೂಗುತ್ತದೆ ಎಂದ ಅಧಿಕಾರಿ, ಮೊದಲ ಸಲ ಮುಖ ನೋಡಿದ. ಅವಳ ಹಳೆಯ ಯಜಮಾನರೇ ಬಂದು ಹೋಗಿದ್ದಾರಂತೆ. ಎಲ್ಲ ಕ್ಷಮಿಸಿದ್ದಾರಂತೆ, ಹಳೆಯ ಜಾಗ ಕೊಡುತ್ತಾರಂತೆ. ಮಗಳಿಗೂ ಚಾದರ ಮಡಿಚುವ ಮೇಜಿನಲ್ಲಿ ಕೆಲಸ ಇದೆಯಂತೆ.

ಆ ಮೇಜು ಬರೆಯಕ್ಕನಿಗೆ ಗೊತ್ತು. ಇಸ್ತ್ರಿ ಕೋಣೆಯಲ್ಲಿ ಒಂದು ಕಟ್ಟಳೆ ಇದೆ. ಹಬೆಯ ಸದ್ದಿನಲ್ಲಿ ಹೆಜ್ಜೆ ಕೇಳುವುದಿಲ್ಲ, ಕಾದ ಇಸ್ತ್ರಿ ಹಿಡಿದವರು ಯಾವಾಗ ತಿರುಗುತ್ತಾರೋ ತಿಳಿಯುವುದಿಲ್ಲ. ಹಾಗಾಗಿ ಬೆನ್ನ ಹಿಂದೆ ಬರುವವರು ಕೆಮ್ಮಿ ಬರಬೇಕು. ಯಜಮಾನ ಮಾತ್ರ ಎಂದೂ ಕೆಮ್ಮಿದವನಲ್ಲ. ಅವನು ಬರುತ್ತಿದ್ದದ್ದು ಮಡಿಚುವ ಹುಡುಗಿಯರ ಬೆನ್ನ ಹಿಂದೆ. ಆಗ ಅಲ್ಲಿ ತಂಗಿ ಇದ್ದಳು, ಈಗಿನ ಮಗಳ ವಯಸ್ಸು. ಬರೆ ಹಾಕಿದ ಕೇಸು ನಡೆದಾಗ ವಕೀಲ, ಯಜಮಾನ ಕೆಮ್ಮಲಿಲ್ಲ, ಗೊತ್ತಿಲ್ಲದೆ ತಿರುಗಿದೆ ಎಂದುಬಿಡು, ಬಿಟ್ಟುಬಿಡುತ್ತಾರೆ ಎಂದು ಗೋಗರೆದಿದ್ದ. ನ್ಯಾಯಾಧೀಶರು ಕೇಳಿದಾಗ ಇವಳು, "ಬೇಕಂತ್ಲೇ ಇಟ್ಟೆ" ಎಂದಿದ್ದಳು.

"ನಾನ್ ಹೋಗ್ತೀನಿ ಸಾರ್. ಮಗಳು ಬೇಡ."

ಅಧಿಕಾರಿ ಪೆನ್ನು ಕೆಳಗಿಟ್ಟ. "ಯಾಕೆ? ಇನ್ನೂ ಹಗೆ ಇಟ್ಕೊಂಡಿದ್ದೀಯಾ? ಅದಕ್ಕೂ ಅಂಕ ಇದೆ, ಗೊತ್ತಲ್ಲ?"

ವಾದ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಒಂದು ರಾತ್ರಿ ನಿದ್ದೆ ಮಾಡಬೇಕು, ಅಷ್ಟೇ ಬೇಕಾಗಿದ್ದದ್ದು. ಹಗೆ ಇಲ್ಲ, ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು. ಅಧಿಕಾರಿ ಸಮಾಧಾನದಿಂದ ಬರೆದ, ಅಪಾಯ ಕಡಿಮೆ.

ಕೆಲಸಕ್ಕೆ ಹೋದ ಮೊದಲ ದಿನ ಯಜಮಾನ ಇಡೀ ಇಸ್ತ್ರಿ ಕೋಣೆಯನ್ನು ನಿಲ್ಲಿಸಿದ. ಬಲಗೈ ಮುಂದೆ ಚಾಚಿದ. ಇಸ್ತ್ರಿಯ ಮೂತಿಯ ಗುರುತು ಅಲ್ಲಿ ನುಣ್ಣಗೆ ಹೊಳೆಯುತ್ತಿತ್ತು.

"ನೋಡ್ಕೊಳ್ಳಿ ಎಲ್ರೂ. ಇದನ್ನ ಮಾಡಿದೋಳಿಗೆ ನಾನ್ ಅನ್ನ ಹಾಕ್ತಿದ್ದೀನಿ. ಬೀಳೇ ಕಾಲಿಗೆ."

ಬರೆಯಕ್ಕ ಮಗಳ ಕಡೆ ನೋಡದೆ ಬಾಗಿದಳು. ಬೂಟು ಮುಟ್ಟಿ ಎದ್ದಳು. ಮಗಳು ಮಡಿಚುವ ಮೇಜಿಗೆ ಹೋದಳು, ತಾಯಿ ಇಸ್ತ್ರಿಗೆ ಬಂದಳು. ಪಕ್ಕದ ಮೇಜಿನ ದಮ್ಮಿನಜ್ಜಿ ಹಳಬಳು, ವರ್ಷಗಟ್ಟಲೆ ಹಬೆ ಕುಡಿದು ಎದೆ ಹಾಳು ಮಾಡಿಕೊಂಡವಳು. "ಹಾಳಾದ್ ನನ್ಮಗ, ಮುದುಕ ಆದ್ರೂ ಕೈ ನೆಟ್ಟಗಾಗ್ಲಿಲ್ಲ ಕಣೆ. ಮಗೀನ ಯಾಕ್ ಕರ್ಕೊಂಡ್ ಬಂದೆ?" ಎಂದು ಪಿಸುಗುಟ್ಟಿದಳು.

"ಕರ್ಕೊಂಡ್ ಬಂದ್ರೇನೇ ನಾನು ಒಳ್ಳೆಯೋಳಂತೆ ಅಜ್ಜೀ."

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಚಾದರಗಳು ರಾಶಿ ಬಿದ್ದವು. ಕೋಣೆ ತುಂಬ ಹಬೆ. ಆ ಹಬೆಯೊಳಗೆ ಯಜಮಾನ ಗೋಡೆಯ ಬದಿಯಿಂದ ನಡೆದು ಬಂದ, ಕೆಮ್ಮದೆ. ಮಗಳ ಬೆನ್ನ ಹಿಂದೆ ನಿಂತ. ಹೊಸ ಹುಡುಗಿಗೆ ಮಡಿಕೆ ಹೇಳಿಕೊಡುವವನಂತೆ ಬರೆಬಿದ್ದ ಕೈ ಮುಂದಕ್ಕೆ ತಂದ. ಮಗಳ ಕೈಗಳು ಚಾದರದ ಮೇಲೆ ಹಾಗೇ ನಿಂತುಹೋದವು.

ದಮ್ಮಿನಜ್ಜಿ ಕೆಮ್ಮಿದಳು.

ಅವಳ ಕೆಮ್ಮನ್ನು ಯಾರು ಲೆಕ್ಕಕ್ಕಿಡುತ್ತಾರೆ? ಆದರೆ ಆಚೆ ಮೇಜಿನವಳೂ ಕೆಮ್ಮಿದಳು. ಅವಳ ಹಿಂದಿನವಳು ಕೆಮ್ಮಿದಳು. ಕೊನೆಯ ಸಾಲಿನ ಬಸುರಿ, ಬಟ್ಟೆ ಹೊರುವ ಕಿವುಡ, ಬಾಗಿಲ ಬಳಿಯ ಇಬ್ಬರು ಹುಡುಗಿಯರು, ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಲೇ ಕೆಮ್ಮತೊಡಗಿದರು.

ಯಜಮಾನನ ಕೈ ಗಾಳಿಯಲ್ಲೇ ಉಳಿಯಿತು. "ಏನ್ರೇ ರೋಗ ಬಂದಿದೆ ನಿಮ್ಗೆಲ್ಲಾ, ಮುಂಡೇವಾ?"

ಕೆಮ್ಮು ನಿಲ್ಲಲಿಲ್ಲ. ಅವನು ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಬರೆಯಕ್ಕ ಒಬ್ಬಳು ಕೆಮ್ಮಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ಇಸ್ತ್ರಿಯ ತಳ ಮುಟ್ಟಿ ನೋಡಿದಳು. ಚೆನ್ನಾಗಿ ಕಾದಿತ್ತು.