ಹಳೇ ಪದ್ಯ

"ಎಲ್ಲಾ ಸರಿ ಮೇಷ್ಟ್ರೇ, ಪದ್ಯ ಎಲ್ಲಿ?" ಎಂದು ಪೆದ್ದಪ್ಪ ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿದ.

ಅಶ್ವತ್ಥಪ್ಪ ಓದುವುದನ್ನು ನಿಲ್ಲಿಸಿದ. ಅವನ ನಾಟಕದ ಮೂರನೆಯ ಅಂಕ ಅದು. ಮುದಿ ರೈತನೊಬ್ಬ ಮಗನ ಹೆಣದ ಮುಂದೆ ಕೂತು, ಅತ್ತು ಅತ್ತು ಸಾಕಾಗಿ, ಕೊನೆಗೆ 'ದನಕ್ಕೆ ಯಾರಾದರೂ ನೀರು ತೋರಿಸಿದರಾ' ಎಂದು ಕೇಳುವ ಜಾಗ. ಆ ಒಂದು ಮಾತು ಹೊಳೆಯುವುದಕ್ಕೆ ಅವನು ಇದೇ ಬೆಂಚಿನ ಮೇಲೆ ಎಷ್ಟು ಸಂಜೆ ಕೂತಿದ್ದನೋ, ಎಷ್ಟು ಕಾಫಿ ಆರಿಸಿದ್ದನೋ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ ಎಂದು ನಂಬಿ ಓದಿದ್ದ. ಪೆದ್ದಪ್ಪನೋ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬೋಂಡದ ಚೂರನ್ನು ನಾಲಿಗೆಯಿಂದ ತಡಕಾಡುತ್ತಿದ್ದ.

"ಇದರಲ್ಲಿ ಪದ್ಯ ಇಲ್ಲ ಪೆದ್ದಪ್ಪನೋರೇ. ಬರೀ ಮಾತಿನ ನಾಟಕ."

"ಪದ್ಯ ಇಲ್ಲದ ನಾಟಕ ಎಲ್ಲಾದ್ರೂ ಉಂಟಾ? ರಾಜ ಬೇಡ ಅಂದ್ರಿ, ಆಗ್ಲಿ ಅಂದೆ. ಕಿರೀಟ ಬೇಡ ಅಂದ್ರಿ, ಒಪ್ಕೊಂಡೆ. ಈಗ ಪದ್ಯಾನೂ ಇಲ್ಲ ಅಂದ್ರೆ ಜನ ಏನು, ನನ್ ಮುಖ ನೋಡಕ್ಕೆ ಬರ್ತಾರಾ?"

"ನೋಡೋ ಅಂಥಾ ಮುಖಾನೂ ಅಲ್ಲ ಬಿಡಿ," ಎಂದ ಹಬೀಬುಲ್ಲಾ, ಪಕ್ಕದಿಂದ. ಪೇಟೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ಅವನು ಊರಿನ ನಾಟಕಗಳಿಗೆಲ್ಲ ಹಾರ್ಮೋನಿಯಂ ಬಾರಿಸುತ್ತಿದ್ದ.

"ನೀ ಸುಮ್ನಿರಯ್ಯ. ಮೇಷ್ಟ್ರೇ, ನಮ್ಮ ಜನ ನಿಮಗೆ ಗೊತ್ತಿಲ್ವಾ? ಮಾತು ಕನ್ನಡದಲ್ಲೇ ಇರ್ಲಿ, ನಾನೇನು ಬೇಡ ಅನ್ನಲ್ಲ. ಅಳೋ ಜಾಗದಲ್ಲಿ ಒಂದೇ ಒಂದು ತೆಲುಗು ಪದ್ಯ ಹಾಕಿ. ಎತ್ತಿ ಹಾಡ್ತೀನಿ. ಒನ್ಸ್ ಮೋರ್ ಬೀಳ್ಲಿಲ್ಲ ಅಂದ್ರೆ ಮೀಸೆ ಬೋಳಿಸ್ಕೊಳ್ತೀನಿ. ಹಾಕಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಬೇರೆ ಯಾರಿದ್ದಾರೆ? ಪರದೆ, ಗ್ಯಾಸ್‌ಲೈಟು, ಚಪ್ಪರ, ಎಲ್ಲದಕ್ಕೂ ಕೈಬಿಚ್ಚುವವನು ಹುಣಸೆಹಣ್ಣಿನ ಮಂಡಿಯ ಪೆದ್ದಪ್ಪ ಒಬ್ಬನೇ. ಅದಕ್ಕೇ ಅವನೇ ನಾಯಕ. ಕಾಸು ಹಾಕಿದವನು ಪಾತ್ರ ಬಿಟ್ಟುಕೊಡುತ್ತಾನೆಯೇ?

ಅಶ್ವತ್ಥಪ್ಪ ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟರು. ಸ್ಕೂಲು ಬಿಟ್ಟೊಡನೆ ಅವನ ಕಾಲು ಮನೆಯ ಕಡೆಗೆ ಹೋಗದೆ ಪೇಟೆಬೀದಿಯ ಭಟ್ಟರ ಕಾಫಿ ಕ್ಲಬ್ಬಿಗೆ ಹೋಗುತ್ತಿತ್ತು. ಒಳಕೋಣೆ ಬ್ರಾಹ್ಮಣರದು. ಹೊರಗಿನ ಹಜಾರದಲ್ಲಿ ಕಿಟಕಿಯ ಪಕ್ಕದ ಬೆಂಚು 'ಮೇಷ್ಟ್ರ ಬೆಂಚು' ಎಂದೇ ಆಗಿಹೋಗಿತ್ತು. ಮನೆಯಲ್ಲಿ ಕೂತರೆ ಒಂದಕ್ಷರ ಹೊಳೆಯದು. ಇಲ್ಲಿ ಗಾಡಿಯವರ ಜಗಳ, ಭಟ್ಟರ ಗೊಣಗಾಟ, ಬಾಣಲೆಯ ಸದ್ದು ಇದ್ದರೇ ಅವನ ಪೆನ್ಸಿಲು ಓಡುವುದು. ಹೆಂಡತಿ ಮುನಿಯಲ್ಲಮ್ಮ ಇದಕ್ಕೆ ಒಂದೇ ಮಾತು ಇಟ್ಟುಕೊಂಡಿದ್ದಳು: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅವಳು ಹೇಳುವುದರಲ್ಲೂ ಸುಳ್ಳಿರಲಿಲ್ಲ ಅನ್ನಿ.

ಮನೆಮಾತು ತೆಲುಗು. ಊರಿನ ಮುಕ್ಕಾಲು ಪಾಲು ಜನರದೂ ಅದೇ. ಕನ್ನಡ ಅವನು ಕೋಲಾರದ ಹೈಸ್ಕೂಲಿನಲ್ಲಿ ಕಷ್ಟಪಟ್ಟು ಕಲಿತದ್ದು, ಆದ್ದರಿಂದಲೇ ಅದರ ಮೇಲೆ ಅಷ್ಟು ಮೋಹ. ತೆಲುಗು ಎಂದರೆ ಸೊಪ್ಪು ಚೌಕಾಸಿ ಮಾಡುವ, ಹೆಂಡತಿಯ ಜೊತೆ ಜಗಳವಾಡುವ ಭಾಷೆ. ಅದರಲ್ಲಿ ಬರೆಯುವುದೆಂದರೆ ಚಡ್ಡಿಯಲ್ಲಿ ಪೇಟೆಗೆ ಬಂದ ಹಾಗೆ ಎಂದುಕೊಂಡಿದ್ದ. ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸಿದ ಕವಿತೆಗಳೆಲ್ಲ ಹೋದ ದಾರಿಯಲ್ಲೇ ವಾಪಸು ಬಂದಿದ್ದವು. ಬರಲಿ. ಈ ನಾಟಕ ಒಂದು ಆಡಿಬಿಡಲಿ. ಒಂದು ಸಲ, ಒಂದೇ ಒಂದು ಸಲ, 'ಇದು ನಮ್ಮ ಅಶ್ವತ್ಥಪ್ಪ ಬರೆದದ್ದು' ಎಂದು ಈ ಊರು ಅನ್ನಬೇಕು. ಅಷ್ಟು ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ತಡೆದುಕೊಳ್ಳಬಹುದು ಎಂದು ಅವನ ಆಸೆ.

ಮಾರನೆಯ ದಿನ ಭಾನುವಾರ. ಮಧ್ಯಾಹ್ನದ ಹೊತ್ತು ಕ್ಲಬ್ಬು ಖಾಲಿ ಇತ್ತು. ಅಶ್ವತ್ಥಪ್ಪ ಸಿಟ್ಟಿನಲ್ಲೇ ಕೂತ. ತೌಡು ಕೇಳಿದವರಿಗೆ ತೌಡೇ ಹಾಕಿದರಾಯಿತು, ಅಯ್ಯೋ ಕುಯ್ಯೋ ಎಂದು ನಾಲ್ಕು ಸಾಲು ಗೀಚಿ ಬಿಸಾಕಿದರಾಯಿತು ಎಂದುಕೊಂಡು ಪೆನ್ಸಿಲು ಹಿಡಿದ. ಆಗ ಅವನಿಗೆ ಅವ್ವ ದೊಡ್ಡಗಂಗಮ್ಮನ ದನಿ ಕೇಳಿಸಿತು.

ಎಷ್ಟೋ ವರ್ಷದ ಹಿಂದೆ ಅವನ ತಮ್ಮ ಮುನಿರಾಮನಿಗೆ ವಿಷಮಜ್ವರ ಬಂದಿತ್ತು. ಪಂಡಿತರು ಲಂಘನ ಹಾಕಿ, ಬಿಸಿನೀರು ಬಿಟ್ಟು ಏನೂ ಕೊಡಬೇಡಿ ಎಂದಿದ್ದರು. ಊಟಕ್ಕಾಗಿ ಊರು ಒಂದು ಮಾಡುತ್ತಿದ್ದ ಹುಡುಗ, ಆ ಸಲ ಮಾತ್ರ ಒಂದು ತುತ್ತು ಕೇಳಲಿಲ್ಲ. ಸುಮ್ಮನೆ ಒಲೆಯ ಕಡೆ ನೋಡುತ್ತ ಮಲಗಿದ್ದು ಹೋಗಿಬಿಟ್ಟ. ಅವ್ವ ಎದೆ ಬಡಿದುಕೊಳ್ಳಲಿಲ್ಲ. ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಒಂದೇ ಮಾತು ಕೇಳಿದಳು: "ಆಕಲನಿ ಚೆಪ್ಪಕನೇ ಎಳ್ಳಿಪೋತಿವಾ ನಾಯನಾ." ಹಸಿವು ಅಂತ ಹೇಳದೇನೇ ಹೊರಟುಹೋದೆಯಾ ನನ್ನಪ್ಪಾ.

ಆ ಮಾತು ಮೊದಲ ಸಾಲಾಯಿತು. ಉಳಿದ ಸಾಲುಗಳು ಅದರ ಬಾಲ ಹಿಡಿದುಕೊಂಡು ಬಂದವು. ವರ್ಷಗಟ್ಟಲೆ ನಾಟಕ ತಿದ್ದಿದವನು ಇದರಲ್ಲಿ ಒಂದಕ್ಷರ ಹೊಡೆದು ಹಾಕಲಿಲ್ಲ. ತಲೆ ಎತ್ತಿದಾಗ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಬರೆದದ್ದನ್ನು ಓದಿಕೊಂಡ, ಮತ್ತೆ ಓದಿಕೊಂಡ. ಚೆನ್ನಾಗಿದೆ ಎಂದು ಗೊತ್ತಾಯಿತು. ಗೊತ್ತಾದದ್ದೇ ನಾಚಿಕೆಯಾಯಿತು. ಕನ್ನಡದ ಕವಿ ಎಂದು ಎದೆ ಸೆಟೆಸಿಕೊಂಡು ತಿರುಗಿದವನಿಂದ ಇದಾ ಬರುವುದು?

ಸಂಜೆ ಪೆದ್ದಪ್ಪ ಚೀಟಿಯನ್ನು ಎರಡು ಸಲ ಓದಿದ. "ಯಾರದು ಮೇಷ್ಟ್ರೇ ಇದು?"

"ಯಾರದೋ. ಹಳೇ ಪದ್ಯ. ನಮ್ಮವ್ವ ಹಾಡ್ತಿದ್ದಳು," ಎಂದ ಅಶ್ವತ್ಥಪ್ಪ. "ಇದಕ್ಕೆ ನನ್ನ ಹೆಸರು ಸೇರಿಸಬೇಡಿ. ನಾಟಕಕ್ಕೆ ಮಾತ್ರ ಹಾಕಿ."

"ಅದೇ ಅಂದ್ಕೊಂಡೆ. ಹಳಬರದು ಹಳಬರದೇ ಬಿಡಿ," ಎಂದು ಪೆದ್ದಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹಬೀಬುಲ್ಲಾ ಅವತ್ತೇ ಅದಕ್ಕೆ ಮಟ್ಟು ಕೂಡಿಸಿದ.

ನಾಟಕ ಆಯಿತು. ಆಯಿತು ಎನ್ನುವುದಕ್ಕಿಂತ ಮುಗಿಯಿತು ಎನ್ನುವುದೇ ಸರಿ. ಮೊದಲೆರಡು ಅಂಕಗಳಲ್ಲಿ ಜನ ಕಡ್ಲೆಕಾಯಿ ಸುಲಿದರು, ಮಕ್ಕಳನ್ನು ಉಚ್ಚೆಗೆ ಎಬ್ಬಿಸಿಕೊಂಡು ಹೋದರು, ಯಾರ ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಮಾತಾಡಿಕೊಂಡರು. ಬಡ ರೈತನಾದ ಪೆದ್ದಪ್ಪ ಜರಿ ಅಂಚಿನ ಪಂಚೆಯುಟ್ಟು ಬಂದರೂ ಯಾರೂ ತಲೆ ಎತ್ತಲಿಲ್ಲ. ಮೂರನೆಯ ಅಂಕದಲ್ಲಿ ಅವನು ಹೆಣದ ಹೊಟ್ಟೆಯ ಮೇಲೆ ಕೈಯಿಟ್ಟು ಪದ್ಯ ಎತ್ತಿದ. ಚಪ್ಪರದಲ್ಲಿ ಕಡ್ಲೆಕಾಯಿ ಸುಲಿಯುವ ಸದ್ದು ನಿಂತಿತು. ಮುಗಿದದ್ದೇ ಒನ್ಸ್ ಮೋರ್. ಮತ್ತೆ ಹಾಡಿದ, ಮತ್ತೆ ಒನ್ಸ್ ಮೋರ್. ಹೆಣವಾಗಿ ಮಲಗಿದ್ದವನ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತಂತೆ. ಹೆಂಗಸರ ಕಡೆ ಯಾರೋ ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಮಲ್ದಾರರು ಎದ್ದು ಬಂದು ಪೆದ್ದಪ್ಪನ ಎದೆಗೆ ಬೆಳ್ಳಿ ಪದಕ ಚುಚ್ಚಿದರು. ದನಕ್ಕೆ ನೀರು ತೋರಿಸುವ ಮಾತು ಬರುವ ಹೊತ್ತಿಗೆ ಅರ್ಧ ಜನ ಚಾಪೆ ಸುತ್ತಿಕೊಂಡು ಹೊರಟಿದ್ದರು. ಅಶ್ವತ್ಥಪ್ಪ ಪರದೆಯ ಮರೆಯಲ್ಲಿ ನಿಂತು ಹೋಗುವವರ ಬೆನ್ನನ್ನೇ ನೋಡಿದ.

ಆಮೇಲೆ ಪದ್ಯಕ್ಕೆ ಕಾಲು ಬಂತು. ಗಾಡಿ ಹೊಡೆಯುವವರು ಹಾಡಿದರು, ಪೈರು ನೆಡುವವರು ಹಾಡಿದರು. ಶ್ರೀನಿವಾಸಪುರದಿಂದ ಬರುವ ಬಸ್ಸಿನ ಡ್ರೈವರು ಹಾಡಿಕೊಂಡೇ ಕಾಫಿಗೆ ಇಳಿದ. ಮಾಲೂರಿನ ಒಂದು ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಯಾರೋ ಹಾಡಿ, ಸಾವಿನ ಹಾಡು ಹಾಡಿದೆ ಎಂದು ಒದೆ ತಿಂದನಂತೆ. ನಾಟಕದ ಸುದ್ದಿ ಮಾತ್ರ ಎಲ್ಲೂ ಇಲ್ಲ. ಅಶ್ವತ್ಥಪ್ಪ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ತಾನು ಬೇಡವೆಂದು ಬಿಸಾಕಿದ್ದನ್ನು ಊರೆಲ್ಲ ಎತ್ತಿಕೊಂಡು ಮುದ್ದಾಡುತ್ತಿದೆ. ಹೆತ್ತವನು ಯಾರೆಂದು ಕೇಳುವವರೇ ಇಲ್ಲ.

ಒಂದು ಸಂಜೆ ಹಬೀಬುಲ್ಲಾ ಲೋಟದ ಕಂಠದ ಮೇಲೆ ಬೆರಳಾಡಿಸುತ್ತ ಅದೇ ಪದ್ಯ ಗುನುಗಿದ. ಪೆದ್ದಪ್ಪನೂ ದನಿಗೂಡಿಸಿದ. ಗಲ್ಲಾದ ಮುಂದೆ ಕೂತಿದ್ದ ಭಟ್ಟರು ಕಣ್ಣು ಮುಚ್ಚಿದರು.

"ಇದನ್ನ ಕಟ್ಟಿದೋನು ಮಗನ್ನ ಮಣ್ಣು ಮಾಡಿದೋನೇ ಇರ್ಬೇಕು," ಎಂದ ಹಬೀಬುಲ್ಲಾ. "ಇವತ್ತು ಅವನು ಬದುಕಿದ್ದಿದ್ರೆ, ಅಲ್ಲಾ ಕಸಂ, ಹೋಗಿ ಅವನ ಕೈಗೆ ಮುತ್ತು ಕೊಡ್ತಿದ್ದೆ."

"ನಾನೇ ಬರೆದದ್ದು," ಎಂದ ಅಶ್ವತ್ಥಪ್ಪ.

ಮೂವರೂ ಅವನ ಕಡೆ ತಿರುಗಿದರು.

"ಏನು?"

"ಆ ಪದ್ಯ. ನಾನೇ ಬರೆದೆ. ಇಲ್ಲೇ, ಈ ಬೆಂಚಿನಲ್ಲಿ."

ಪೆದ್ದಪ್ಪ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀವೇ ಅಂದ್ರಲ್ಲ ಮೇಷ್ಟ್ರೇ, ಹಳೇ ಪದ್ಯ, ನಮ್ಮವ್ವ ಹಾಡ್ತಿದ್ದಳು ಅಂತ."

"ಸುಳ್ಳು ಹೇಳಿದ್ದೆ."

"ಯಾಕೆ?"

ಏನೆಂದು ಹೇಳುವುದು? ತೆಲುಗಿನಲ್ಲಿ ಬರೆದೆನೆಂದು ನಾಚಿಕೆಯಾಯಿತು ಎನ್ನಲೇ? ಎದುರಿಗೆ ಕೂತ ಪೆದ್ದಪ್ಪ ತಾಯಿಯ ಹೊಟ್ಟೆಯಿಂದ ತೆಲುಗು ತಂದವನು. ಆಚೆ ಬೆಂಚಿನ ಗಾಡಿಯವರೂ ಅಷ್ಟೆ. ನಿಮ್ಮ ಮಾತು ನನಗೆ ಕೀಳಾಗಿ ಕಂಡಿತು ಎಂದು ಈ ಹಜಾರದಲ್ಲಿ ಯಾವ ಬಾಯಿಂದ ಹೇಳುವುದು? ಅವನು ಸುಮ್ಮನಾದ. ಸುಮ್ಮನಾದದ್ದೇ ಅವನ ವಿರುದ್ಧ ಸಾಕ್ಷಿಯಾಯಿತು.

"ಹಂಗಾದ್ರೆ ಇನ್ನೊಂದು ಬರೀರಿ ನೋಡೋಣ," ಎಂದ ಪೆದ್ದಪ್ಪ, ಮೆತ್ತಗೆ. "ಹಠಕ್ಕಲ್ಲ. ಅಂಥಾದ್ದು ಇನ್ನೊಂದು ನಾಕು ಸಾಲು. ಕಾಫಿ ನಂದು. ಭಟ್ರೇ, ಮೇಷ್ಟ್ರಿಗೆ ಸ್ಟ್ರಾಂಗಾಗಿ ಒಂದು ಕಳಿಸಿ."

ಅಶ್ವತ್ಥಪ್ಪ ಪೆನ್ಸಿಲು ತೆಗೆದ. ತೆಗೆಯಬಾರದಿತ್ತು. ಗಾಡಿಯವರು ಕೂಡ ಮಾತು ನಿಲ್ಲಿಸಿ ನೋಡತೊಡಗಿದರು. ಅವ್ವನನ್ನು ನೆನೆದ, ಮುನಿರಾಮನನ್ನು ನೆನೆದ. ಸತ್ತವರು ಕರೆದ ತಕ್ಷಣ ಬರುವುದಕ್ಕೆ ಸ್ಕೂಲಿನ ಹುಡುಗರೇ? ತಲೆಗೆ ಬಂದದ್ದೆಲ್ಲ ಕನ್ನಡದ ದೊಡ್ಡ ದೊಡ್ಡ ಮಾತುಗಳು, ಅದೂ ಪಾಠದ ಪುಸ್ತಕದವು. ಒಂದು ಸಾಲು ಬರೆದು ಹೊಡೆದ. ಇನ್ನೊಂದು ಬರೆದು ಅದನ್ನೂ ಹೊಡೆದ. ಹಣೆಯ ಬೆವರು ಕಾಗದದ ಮೇಲೆ ಬಿತ್ತು.

"ಸತ್ತೋರ ಸೊತ್ತಿಗೆ ಕೈ ಹಾಕಬಾರದು ಮೇಷ್ಟ್ರೇ, ಪಾಪ ಬರ್ತದೆ," ಎಂದರು ಭಟ್ಟರು, ಗಲ್ಲಾದಿಂದಲೇ.

"ಬಿಡಿ ಸ್ವಾಮಿ, ಅವರನ್ಯಾಕೆ ಗೋಳು ಹುಯ್ಕೊಳ್ತೀರಿ," ಎಂದು ಹಬೀಬುಲ್ಲಾ ಅವನ ಹೆಗಲ ಮೇಲೆ ಕೈಯಿಟ್ಟ. "ಮೇಷ್ಟ್ರೇ, ನಿಮ್ಮ ನಾಟಕಾನೂ ಚೆನ್ನಾಗೇ ಇತ್ತು. ಮನಸ್ಸಿಗೆ ಹಚ್ಕೋಬೇಡಿ."

ಊರಿನಲ್ಲಿ ಅವನನ್ನು ಕಳ್ಳ ಎಂದವರು ಯಾರೂ ಇಲ್ಲ. ಪಾಪ ಎಂದರು. ಅದು ಅವನಿಗೆ ಇನ್ನೂ ಕಹಿಯಾಗಿತ್ತು. ಕಾಫಿ ಮುಟ್ಟದೆ ಎದ್ದು ಬಂದ.

ಮನೆಗೆ ಬರುವಾಗ ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಮುನಿಯಲ್ಲಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ರಾಗಿ ಬೀಸುತ್ತಿದ್ದಳು. ಕಲ್ಲಿನ ಸದ್ದಿನೊಳಗೆ ಅವಳ ದನಿ ಕೇಳಿಸಿತು. ಆಕಲನಿ ಚೆಪ್ಪಕನೇ. ಅವನು ಹೊಸ್ತಿಲ ಆಚೆಯೇ ನಿಂತ. ಅವನು ಬರೆದ ಒಂದಕ್ಷರವನ್ನೂ ಇದುವರೆಗೆ ಬಾಯಿಗೆ ತಂದುಕೊಂಡವಳಲ್ಲ ಅವಳು, ಅವನ ನಾಟಕ ನೋಡಲೂ ಬಂದಿರಲಿಲ್ಲ. ಕನ್ನಡ ಅವಳಿಗೆ ಸಂತೆಗೆ ಬೇಕಾದಷ್ಟೇ ಬರುತ್ತಿತ್ತು. ಈಗ ಕಣ್ಣು ಅರೆಮುಚ್ಚಿ, ಹಿಡಿಗೂಟ ತಿರುಗಿಸುತ್ತ, ಸ್ವಂತ ಮಗನನ್ನೇ ಕಳೆದುಕೊಂಡವಳ ಹಾಗೆ ಹಾಡುತ್ತಿದ್ದಳು. ಇವಳಿಗೆ ಹೇಳಬಹುದು, ಇವಳಾದರೂ ನಂಬುತ್ತಾಳೆ ಎನ್ನಿಸಿತು.

ಐದನೆಯ ಸಾಲಿಗೆ ಬಂದು ಅವಳು ತಡವರಿಸಿದಳು. ಮತ್ತೆ ಹಿಂದಿನಿಂದ ಹಾಡಿಕೊಂಡು ಬಂದರೂ ಅಲ್ಲೇ ನಿಂತಿತು. ಅಶ್ವತ್ಥಪ್ಪ ಒಳಗೆ ಬಂದು ಆ ಸಾಲು ಹೇಳಿದ.

ಮುನಿಯಲ್ಲಮ್ಮ ಕಲ್ಲು ನಿಲ್ಲಿಸಿ ಅವನನ್ನು ನೋಡಿದಳು. "ಅರೆ, ನಿಮಗೂ ಬರುತ್ತಾ ಇದು?" ಎಂದು ತೆಲುಗಿನಲ್ಲಿ ಕೇಳಿದಳು.

"ಮುನಿಯಲ್ಲಮ್ಮಾ, ಇದು..."

"ಪುಂಗನೂರಲ್ಲಿ, ತೌರುಮನೇಲಿ, ನಮ್ಮಜ್ಜಿ ಹಾಡ್ತಿದ್ದಳು. ಚಿಕ್ಕೋಳಿದ್ದಾಗ ಅವಳ ತೊಡೆ ಮೇಲೆ ಮಲಗಿ ಕೇಳಿದ್ದು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ," ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. "ನಿಮಗೆ ಯಾರು ಕಲಿಸಿದರು?"

ಅಶ್ವತ್ಥಪ್ಪ ಗೋಡೆಗೆ ಒರಗಿ ಕೂತ.

"ಎಲ್ಲೋ ಕೇಳಿದ್ದೆ," ಎಂದ.

"ಮುಂದಿನದು ಮರೆತೇಹೋಗಿದೆ ನೋಡಿ. ಹೇಳಿಕೊಡಿ," ಎಂದು ಅವಳು ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿದಳು.

ಅವನು ಒಂದೊಂದೇ ಸಾಲು ಹೇಳಿಕೊಟ್ಟ. ಅವಳು ಹಾಡಿಕೊಳ್ಳುತ್ತ ಬೀಸಿದಳು.